ಏಳು ಚಿಹ್ನೆಗಳ ಪಕ್ಷ

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಕನ್ನಡ ಸಂಘದ ಹುಡುಗರ ಬಾಯಲ್ಲಿ ಒಂದು ಮಾತು ಕೇಳುತ್ತೇನೆ: "ಎಲ್ಲ ಒಂದೇ ಸಾರ್, ಯಾರು ಬಂದ್ರೆ ಏನು?" ಇಪ್ಪತ್ತು ವರ್ಷದವನು ಈ ಮಾತು ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಅದು ಅವನು ದುಡಿದು ಗಳಿಸಿದ ಬೇಸರವಲ್ಲ. ಅಪ್ಪನೋ ಮಾವನೋ ಉಟ್ಟು ಬಿಟ್ಟ ಪಂಚೆಯನ್ನು ಎತ್ತಿ ಕಟ್ಟಿಕೊಂಡ ಹಾಗಿರುತ್ತದೆ. ಒಂದು ಪಕ್ಷವನ್ನು ನಂಬಿದವನು, ರಾತ್ರಿ ಮೈದಾ ಅಂಟು ಕಲಸಿ ಗೋಡೆಗೆ ಪೋಸ್ಟರ್ ಹಚ್ಚಿದವನು, ಎಣಿಕೆಯ ದಿನ ಊಟ ಬಿಟ್ಟು ರೇಡಿಯೋದ ಮುಂದೆ ಕೂತವನು ಬೇಸತ್ತಾಗ ಹೀಗೆ ಸಾರಾಸಗಟಾಗಿ ಮಾತಾಡುವುದಿಲ್ಲ. ಅವನ ಹತ್ತಿರ ಲೆಕ್ಕ ಇರುತ್ತದೆ. ಯಾವ ವರ್ಷ, ಯಾವ ಸಭೆ, ಯಾರು ಆಡಿದ ಯಾವ ಮಾತು ಅಂತ ಬೆರಳು ಮಡಚಿ ಹೇಳುತ್ತಾನೆ. ಕೇಳುವವರಿಗೆ ತಲೆನೋವಾಗಬಹುದು. ಆದರೆ ಆ ಬೇಸರ ಅವನದೇ ಸ್ವಂತದ್ದು.

ಅಂಥ ಒಂದು ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನದು ಸಮಾಜವಾದಿಗಳ ಪಕ್ಷ.

"ಯಾವುದು, ಸೈಕಲ್ ಗುರುತಿನದಾ?" ಅಂತ ನೀವು ಕೇಳುವುದು ಸಹಜ. ಅಲ್ಲ. ಇದು ಒಂದು ಹೆಸರಿನಲ್ಲಿ, ಒಂದು ಗುರುತಿನಲ್ಲಿ ಹತ್ತು ವರ್ಷ ನೆಟ್ಟಗೆ ನಿಂತ ಪಕ್ಷವೇ ಅಲ್ಲ. ಚಿಹ್ನೆಗಳನ್ನೇ ನೋಡಿ. ಪ್ರಜಾ ಸೋಷಲಿಸ್ಟರದ್ದು ಗುಡಿಸಲು. ಲೋಹಿಯಾ ಅವರ ಸಂಯುಕ್ತ ಸೋಷಲಿಸ್ಟರದ್ದು ಮರ. 1977ರ ಜನತಾ ಪಕ್ಷಕ್ಕೆ ಚಕ್ರದೊಳಗಿನ ನೇಗಿಲು ಹೊತ್ತ ರೈತ. ಜನತಾ ದಳಕ್ಕೆ ಬರೀ ಚಕ್ರ, ರೈತ ಇಳಿದುಹೋದ. ಸಮತಾ ಪಕ್ಷಕ್ಕೆ ಉರಿಯುವ ಪಂಜು, ಸಂಯುಕ್ತ ಜನತಾ ದಳಕ್ಕೆ ಬಾಣ, ಕರ್ನಾಟಕದ ಜಾತ್ಯತೀತ ಜನತಾ ದಳಕ್ಕೆ ತೆನೆ ಹೊತ್ತ ಮಹಿಳೆ. ಏಳಾಯಿತು. ಸೈಕಲ್ಲು, ಲಾಟೀನುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪಂಜಿನ ಕತೆಯಂತೂ ಮುಂಬಯಿಯ ನಿಮಗೆ ಗೊತ್ತಿರಲೇಬೇಕು. 2022ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗ ಅದನ್ನು ಉದ್ಧವ್ ಠಾಕರೆಯವರ ಶಿವಸೇನೆಗೆ ಕೊಟ್ಟಿತು. ಅದು ತನ್ನದೆಂದು ಸಮತಾ ಪಕ್ಷದ ಅಳಿದುಳಿದವರು ದಿಲ್ಲಿಯ ಹೈಕೋರ್ಟಿಗೆ ಹೋದರು, ಸಿಗಲಿಲ್ಲ. ಇವತ್ತು ದಾದರಿನಲ್ಲಿ ಮಶಾಲ್ ಅಂದರೆ ಅದು ಜಾರ್ಜ್ ಫರ್ನಾಂಡಿಸರ ಪಕ್ಷದ ಗುರುತಾಗಿತ್ತು ಅಂತ ಯಾರಿಗೂ ನೆನಪಾಗುವುದಿಲ್ಲ.

ಜಾರ್ಜ್ ಹೆಸರು ಬಂತಲ್ಲ, ಅಲ್ಲಿಂದಲೇ ಸುರುಮಾಡುತ್ತೇನೆ. ಮುಂಬಯಿಗೆ ಬಂದ ನಮ್ಮ ಜಿಲ್ಲೆಯ ಹುಡುಗರಿಗೆ ಸಮಾಜವಾದ ಪುಸ್ತಕದಿಂದ ಬಂದದ್ದಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಪಾದ್ರಿಯಾಗಬೇಕಾಗಿದ್ದ ಹುಡುಗ ಸೆಮಿನರಿ ಬಿಟ್ಟು 1949ರ ಸುಮಾರಿಗೆ ಈ ಊರಿಗೆ ಬಂದ; ಬಂದರಿನ ಕೂಲಿಗಳ ನಾಯಕ ಡಿಮೆಲ್ಲೊ ಅವರ ಕೈಕೆಳಗೆ ಪಳಗಿದ; ಟ್ಯಾಕ್ಸಿಯವರನ್ನು, ಹೋಟೆಲು ಕೆಲಸದವರನ್ನು ಸಂಘಟಿಸಿದ. ಹೋಟೆಲಿನ ಮಟ್ಟಿಗೆ ಇದೊಂದು ವಿಚಿತ್ರ. ಗಲ್ಲಾದ ಮೇಲೆ ಕೂತ ಧಣಿ ನಮ್ಮೂರಿನವರು, ಒಳಗೆ ಮುಸುರೆ ತೊಳೆಯುವವ ನಮ್ಮೂರಿನವ, ಅವನಿಗೆ "ನಿನಗೂ ವಾರಕ್ಕೊಂದು ರಜೆ ಇದೆ ಮಾರಾಯ" ಅಂತ ಹೇಳಿದ ಯೂನಿಯನ್ನಿನವನೂ ನಮ್ಮೂರಿನವ. 1967ರಲ್ಲಿ ಈ ಜಾರ್ಜ್ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರೆಂದರೆ ಆಗ ಕೇಂದ್ರದ ರೈಲ್ವೆ ಮಂತ್ರಿ, ಮುಂಬಯಿ ಕಾಂಗ್ರೆಸ್ಸಿಗೆ ಪಟ್ಟವಿಲ್ಲದ ರಾಜ. ನಾನಿನ್ನೂ ಊರಿನ ಶಾಲೆಯಲ್ಲಿದ್ದೆ. ನಮ್ಮ ಮಾಸ್ತರರು ತರಗತಿಯಲ್ಲಿ ಆ ಸುದ್ದಿ ಓದಿ ಹೇಳಿದ್ದು ನೆನಪಿದೆ.

ಮೂರು ವರ್ಷದ ಮೇಲೆ ನಾನೂ ಬಂದೆ. ಹಗಲು ಕೋಟೆಯ ಒಂದು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಕಾಲೇಜು, ಈ ಸಂಘ. ನಮ್ಮ ತಲೆಮಾರಿನ ಅರ್ಧ ಜನರ ಕತೆ ಇದೇ ಆದ್ದರಿಂದ ಬೆಳೆಸುವುದಿಲ್ಲ. 1974ರ ಮೇ 8ರಂದು ರೈಲ್ವೆ ಮುಷ್ಕರ ಸುರುವಾದಾಗ, ಸುಮಾರು 17 ಲಕ್ಷ ಜನ ಕೆಲಸ ನಿಲ್ಲಿಸಿದಾಗ, ಅದರ ಮುಂದಾಳು "ನಮ್ಮವ" ಎಂಬ ಹೆಮ್ಮೆ ನಮಗಿತ್ತು. ಆಮೇಲೆ ತುರ್ತುಪರಿಸ್ಥಿತಿ. 1977ರ ಮಾರ್ಚಿನಲ್ಲಿ ನನಗೆ ಇಪ್ಪತ್ತೊಂದಾಗಿತ್ತು. ಆಗ ಮತದಾನದ ವಯಸ್ಸು ಇಪ್ಪತ್ತೊಂದು. ಮಲಾಡಿನ ಚಾಳಿನಲ್ಲಿದ್ದ ನನ್ನ ಮೊದಲ ಮತ ಮುಂಬಯಿ ಉತ್ತರದ ಮೃಣಾಲ್ ಗೋರೆಯವರಿಗೆ.

ಮೃಣಾಲ್ ತಾಯಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಗೋರೆಗಾಂವಿನಲ್ಲಿ ನಲ್ಲಿ ನೀರಿಗಾಗಿ ಕೊಡ ಹಿಡಿದ ಹೆಂಗಸರನ್ನು ಕಟ್ಟಿಕೊಂಡು ಮುನ್ಸಿಪಾಲಿಟಿಯ ಬಾಗಿಲಿಗೆ ಹೋದವರು. ಬೆಲೆಯೇರಿಕೆಯ ಕಾಲದಲ್ಲಿ ಕಮ್ಯುನಿಸ್ಟರ ಅಹಿಲ್ಯಾ ರಾಂಗಣೇಕರ್ ಜೊತೆ ಸೇರಿ ಲಟ್ಟಣಿಗೆ ಮೋರ್ಚಾ ತೆಗೆದವರು. ಜನ ಅವರಿಗೆ ಇಟ್ಟ ಹೆಸರು "ಪಾನೀವಾಲಿ ಬಾಯಿ". ಅವರು ಗೆದ್ದು ಇಂದಿರಾ ಗಾಂಧಿ ಸೋತಾಗ ಈ ಊರಿನ ಬೀದಿಯಲ್ಲಿ ಹುಟ್ಟಿದ ಘೋಷಣೆಯೊಂದಿತ್ತು: ನೀರಿನ ಬಾಯಿ ದಿಲ್ಲಿಗೆ ಹೋದಳು, ದಿಲ್ಲಿಯ ಬಾಯಿ ನೀರಿಗೆ ಹೋದಳು ಅಂತ. ಆ ಮತದ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ 1977 ಬಂದರೆ ಇನ್ನೊಮ್ಮೆ ಅಲ್ಲಿಗೇ ಹಾಕುತ್ತೇನೆ.

ಅದೇ ಚುನಾವಣೆಯಲ್ಲಿ ಊರಿನಲ್ಲಿ ನಮ್ಮಮ್ಮ ಹಸು-ಕರುವಿಗೆ ಹಾಕಿದಳು. ಅಂದರೆ ಕಾಂಗ್ರೆಸ್ಸಿಗೆ. ಬರೀ ಅಮ್ಮನಲ್ಲ, ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಉತ್ತರ ಭಾರತದಲ್ಲಿ ಆ ಪಕ್ಷ ಗುಡಿಸಿಹೋದ ವರ್ಷ! ರಜೆಯಲ್ಲಿ ಊರಿಗೆ ಹೋದಾಗ ನಾನು ತುರ್ತುಪರಿಸ್ಥಿತಿ, ಜೈಲು, ಪತ್ರಿಕಾ ಸ್ವಾತಂತ್ರ್ಯ ಅಂತೆಲ್ಲ ಭಾಷಣ ಬಿಗಿದೆ. ಅಮ್ಮ ಅಡಿಕೆ ಸುಲಿಯುತ್ತ ಕೇಳಿ ಕೊನೆಗೆ ಒಂದೇ ಮಾತು ಹೇಳಿದಳು: "ಗೇಣಿ ಗದ್ದೆ ನಮ್ಮ ಹೆಸರಿಗೆ ಆದದ್ದು ಯಾರಿಂದ ಮಗಾ?" ದೇವರಾಜ ಅರಸರ ಸರ್ಕಾರದ 1974ರ ಭೂಸುಧಾರಣೆ ತಿದ್ದುಪಡಿಯ ಪ್ರಕಾರ ಅಪ್ಪ ಡಿಕ್ಲರೇಶನ್ ಕೊಟ್ಟಿದ್ದ. ಟ್ರಿಬ್ಯುನಲ್ಲಿನಲ್ಲಿ ನಮ್ಮ ಕಡೆ ತೀರ್ಮಾನವಾಗಿತ್ತು.

ಇದಕ್ಕೆ ನನ್ನ ಪಕ್ಷದಲ್ಲಿ ಉತ್ತರವಿರಬೇಕಿತ್ತು, ಯಾಕೆಂದರೆ ಪ್ರಶ್ನೆ ನಮ್ಮದೇ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಸಿದವರು ಸಮಾಜವಾದಿಗಳು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಶಾಸನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು ಅದೇ ಮಾತನ್ನು ಅಲ್ಲಿ ಆಡಿದರು. ಇಪ್ಪತ್ತು ವರ್ಷ ನಾವು ಕೂಗಿದ್ದನ್ನು ಕಾಂಗ್ರೆಸ್ಸಿನ ಒಬ್ಬ ಮುಖ್ಯಮಂತ್ರಿ ಕಾನೂನಾಗಿ ಮಾಡಿಬಿಟ್ಟರು. ಸಮಾಜವಾದಿಯೊಬ್ಬ ಆಗ ಮಾಡಬೇಕಾದ್ದು ಏನು? "ಇದು ನಮ್ಮ ಮಾತು, ಒಳ್ಳೇದಾಯಿತು, ಇನ್ನೂ ಮುಂದಕ್ಕೆ ಹೋಗಿ, ಕೂಲಿಯವನಿಗೂ ಭೂಮಿ ಕೊಡಿ" ಅಂತ ತಾನೆ? 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಬಂತು. ಇಂದಿರಾ ಗಾಂಧಿಗೆ ಎದುರಾಗಿ ವೀರೇಂದ್ರ ಪಾಟೀಲರು. ಜಾರ್ಜ್ ಅಲ್ಲಿ ಬೀಡುಬಿಟ್ಟು ಪ್ರಚಾರ ಮಾಡಿದರು. ನಾನು ಕೇಳಿದ, ಓದಿದ ಭಾಷಣಗಳಲ್ಲಿ ಇದ್ದದ್ದು ಇಂದಿರಾ, ಇಂದಿರಾ, ಇಂದಿರಾ. ಗೇಣಿಯವನ ಗದ್ದೆಯ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ. ಅವರು ಗೆದ್ದರು. ಗೆಲ್ಲಲೇಬೇಕಿತ್ತು ಅಂತ ಅಮ್ಮ ಅಂದಳು.

ನನ್ನ ತಕರಾರಿನ ಬೀಜ ಇಲ್ಲಿದೆ. ಲೋಹಿಯಾ ಅವರು ಅರವತ್ತರ ದಶಕದಲ್ಲಿ ಕಾಂಗ್ರೆಸ್ಸೇತರವಾದ ಎಂಬ ಒಂದು ತಂತ್ರ ಹೇಳಿದರು. ಕಾಂಗ್ರೆಸ್ಸಿನ ಓಟು ಅರ್ಧಕ್ಕಿಂತ ಕಡಿಮೆ. ವಿರೋಧಿಗಳು ಚದುರಿದ್ದರಿಂದ ಅದು ಗೆಲ್ಲುತ್ತದೆ. ಆದ್ದರಿಂದ ಎಲ್ಲರೂ ಸೇರಿ ಒಮ್ಮೆ ಆ ಬಂಡೆಯನ್ನು ಉರುಳಿಸೋಣ ಅಂತ. 1967ರಲ್ಲಿ ಹಲವು ರಾಜ್ಯಗಳಲ್ಲಿ ಉರುಳಿಸಿದ್ದೂ ಆಯಿತು, ಜನಸಂಘವನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ. ಅದೇ ವರ್ಷದ ಅಕ್ಟೋಬರಿನಲ್ಲಿ ಲೋಹಿಯಾ ತೀರಿಹೋದರು. ಹಾರೆ ಎತ್ತಿಕೊಟ್ಟವರು ಹೋದರು, ಹಾರೆ ಶಿಷ್ಯರ ಕೈಯಲ್ಲಿ ಉಳಿಯಿತು. ಬಂಡೆ ಉರುಳಿಸಿದ ಮೇಲೆ ಅಲ್ಲಿ ಏನು ನೆಡಬೇಕು ಅನ್ನುವುದು ಹಿಂದಕ್ಕೆ ಸರಿಯಿತು. ಪಕ್ಷ ತನ್ನನ್ನು ಅಳೆದುಕೊಳ್ಳುವ ಕೋಲು ತನ್ನದಾಗಿ ಉಳಿಯಲಿಲ್ಲ, ಕಾಂಗ್ರೆಸ್ಸಿನ ಗಾತ್ರವೇ ಕೋಲಾಯಿತು. ಕಾಂಗ್ರೆಸ್ಸು ಒಂದು ಪಾಪ ಮಾಡಿದ್ದರೆ, ಅಷ್ಟು ಪಾಪ ಮಾಡುವ ಅವಕಾಶ ನಮಗೂ ಇದೆ ಎನ್ನುವವರೆಗೆ ಇದು ಬಂದು ಮುಟ್ಟಿತು. ಹೇಗೆ ಮುಟ್ಟಿತು ಅನ್ನುವುದೇ ನನ್ನ ಲೆಕ್ಕ.

ಆದರೆ ನ್ಯಾಯವಾಗಿ ಹೇಳಬೇಕು. ಜನತಾ ಸರ್ಕಾರ 1979ರಲ್ಲಿ ಬಿದ್ದಾಗ, ಜುಲೈ ತಿಂಗಳ ಆ ದಿನ ಲೋಕಸಭೆಯಲ್ಲಿ ಸರ್ಕಾರವನ್ನು ಎತ್ತಿಹಿಡಿದು ಅಬ್ಬರಿಸಿದ ಜಾರ್ಜ್ ಕೆಲವೇ ದಿನಗಳಲ್ಲಿ ತಾವೇ ರಾಜೀನಾಮೆ ಕೊಟ್ಟಾಗ, ನಾವು ನಕ್ಕೆವು, ಬೈದೆವು, ಆದರೆ ಬಿಟ್ಟುಹೋಗಲಿಲ್ಲ. ಬಿಡದಿರಲು ಕಾರಣಗಳಿದ್ದವು. 1983ರಲ್ಲಿ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ಬರ ಬಿದ್ದ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ಕೊರೆಸಿ ಅವರ ಹೆಸರೇ "ನೀರ್ ಸಾಬ್" ಆಯಿತು. ಇಲ್ಲಿ ಪಾನೀವಾಲಿ ಬಾಯಿ, ಅಲ್ಲಿ ನೀರ್ ಸಾಬ್. ನಮ್ಮವರಿಗೆ ಜನ ಇಟ್ಟ ಎರಡು ಹೆಸರೂ ನೀರಿನವು ಅಂತ ಆಗ ನಾವು ಹೇಳಿಕೊಂಡು ತಿರುಗುತ್ತಿದ್ದೆವು.

ನಜೀರ್ ಸಾಬರು ಮಾಡಿದ ದೊಡ್ಡ ಕೆಲಸ ನೀರಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ನಿಜವಾದ ಹಣ, ನಿಜವಾದ ಅಧಿಕಾರ ಕೊಡುವ ಕಾನೂನು ತಂದು 1987ರ ಜನವರಿಯಲ್ಲಿ ಚುನಾವಣೆ ಮಾಡಿಸಿದರು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ದೇಶದ ಸಂವಿಧಾನ 73ನೆಯ ತಿದ್ದುಪಡಿಯ ಮೂಲಕ ಮೂರರಲ್ಲೊಂದು ಸ್ಥಾನ ಕೊಟ್ಟದ್ದು ಆರು ವರ್ಷದ ಮೇಲೆ. ನಮ್ಮೂರಿನ ಮಂಡಲಕ್ಕೆ ಬೀಡಿ ಕಟ್ಟುವ ಹೆಂಗಸೊಬ್ಬಳು ಸದಸ್ಯೆಯಾದಳು. ಮೊದಮೊದಲು ಗಂಡ ಬಂದು ಸಭೆಯಲ್ಲಿ ಕೂರುತ್ತಿದ್ದನಂತೆ. ಎರಡನೆ ವರ್ಷ ಅವಳೇ ಅವನನ್ನು ಹೊರಗೆ ಕೂರಿಸಿದಳು ಅಂತ ಅಮ್ಮ ನಕ್ಕು ಹೇಳಿದಳು. ಅಮ್ಮ ಅಂಥ ಮಾತು ಸುಮ್ಮನೆ ಹೇಳುವವಳಲ್ಲ. ಆ ಸಲ ಅವಳೂ ನಮ್ಮ ಪಕ್ಷಕ್ಕೇ ಹಾಕಿದ್ದಳು.

1990ರ ಆಗಸ್ಟ್ 7ರಂದು ವಿ.ಪಿ. ಸಿಂಗರು ಮಂಡಲ ವರದಿ ಜಾರಿ ಎಂದಾಗ ನಮ್ಮ ಆಫೀಸಿನಲ್ಲಿ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಕೆಲವರು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ನನಗೆ ಬೇಸರವಾಗಲಿಲ್ಲ. ಅಂಥ ಕಾಲದಲ್ಲಿ ಪಕ್ಷದ ಜೊತೆ ನಿಲ್ಲುವುದು ಸುಖದ ಕೆಲಸ. ಸೋತರೂ ಸುಖವೇ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮತದಾರ ಬೇಸರಪಡುವುದು ಪಕ್ಷ ಸೋತದ್ದಕ್ಕೆ ಅಂತ ಪತ್ರಿಕೆಯವರು ಬರೆಯುತ್ತಾರೆ. ಸುಳ್ಳು. ಸೋಲನ್ನು ನಾವು ಉಪ್ಪಿನಕಾಯಿಯ ಹಾಗೆ ನೆಕ್ಕಿಕೊಂಡು ಬದುಕಿದವರು.

ಇನ್ನು ಇಳಿಜಾರಿನ ಕತೆ. 1992ರ ಡಿಸೆಂಬರ್, 1993ರ ಜನವರಿ. ಮುಂಬಯಿ ಉರಿಯಿತು. ನೀವು ಹುಟ್ಟುವ ಮುಂಚಿನ ಮಾತು. ಮನೆಯಲ್ಲಿ ಹಿರಿಯರನ್ನು ಕೇಳಿ, ಬಾಗಿಲಿನ ಮೇಲಿನ ಹೆಸರಿನ ಹಲಗೆ ತೆಗೆದಿಟ್ಟ ಜನ ಎಲ್ಲ ಚಾಳಿನಲ್ಲೂ ಸಿಗುತ್ತಾರೆ. ಶಿವಸೇನೆಯ ಪಾತ್ರವೇನು, ಪೊಲೀಸರ ಪಾತ್ರವೇನು ಅಂತ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ 1998ರಲ್ಲಿ ಬರೆದು ಕೊಟ್ಟಿತು. ಗಲಭೆ ನಡೆದಾಗ ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ, ದಿಲ್ಲಿಯಲ್ಲೂ ಅದೇ. ಅದು ಸತ್ಯ. 1994ರಲ್ಲಿ ಜಾರ್ಜ್ ಮತ್ತು ನಿತೀಶ್ ಕುಮಾರ್ ಜನತಾ ದಳ ಒಡೆದು ಸಮತಾ ಪಕ್ಷ ಕಟ್ಟಿದರು. 1996ರ ಚುನಾವಣೆಗೆ ಬಿಜೆಪಿಯ ಜೊತೆ ಕೈ ಜೋಡಿಸಿದರು. ಆ ಕೂಟದಲ್ಲಿ ಶಿವಸೇನೆಯೂ ಇತ್ತು.

ಇದರ ಬಗ್ಗೆ ನಮ್ಮ ಹಳೆಯ ಗುಂಪಿನಲ್ಲಿ ಮಾತು ಬಂದಾಗ ಗೆಳೆಯನೊಬ್ಬ ಹೇಳಿದ: "ಆವತ್ತು ಇಲ್ಲಿ ರಾಜ್ಯ ಆಳುತ್ತಿದ್ದವರು ಯಾರು? ಕಾಂಗ್ರೆಸ್ಸಿನವರೇ ಅಲ್ವಾ?" ನಾನು ಹೌದೆಂದೆ. "ಮತ್ತೆ?" ಅಂದ. ಆ "ಮತ್ತೆ" ಎಂಬ ಶಬ್ದ ನನ್ನ ತಲೆಯಲ್ಲಿ ಉಳಿಯಿತು. ಅದರಲ್ಲಿ ಒಂದು ಪ್ರಶ್ನೆಯೇ ಇರಲಿಲ್ಲ, ಬಾಗಿಲು ಮುಚ್ಚಿದ ಸದ್ದಿತ್ತು. ಕಾಂಗ್ರೆಸ್ಸು ಗಲಭೆ ತಡೆಯಲಿಲ್ಲ ಎಂಬ ಕಾರಣಕ್ಕೆ ಗಲಭೆಯಲ್ಲಿ ಪಾತ್ರವಿದ್ದವರ ಪಕ್ಕ ಕೂರಬಹುದು ಎಂಬುದು ಯಾವ ಲೋಹಿಯಾವಾದ? ಇದೇ ಸಮಾಜವಾದಿಗಳಲ್ಲಿ ಮಧು ಲಿಮಯೆ ಅಂತ ಒಬ್ಬರಿದ್ದರು. ಜನತಾ ಪಕ್ಷದೊಳಗಿದ್ದು ಆರೆಸ್ಸೆಸ್ಸಿನ ಸದಸ್ಯರೂ ಆಗಿರುವುದು ನಡೆಯದು ಅಂತ 1978-79ರಲ್ಲಿ ಹಟ ಹಿಡಿದವರು ಅವರು. ಅವರು 1995ರ ಜನವರಿಯಲ್ಲಿ ತೀರಿಕೊಂಡರು.

1998ರಲ್ಲಿ ಜಾರ್ಜ್ ರಕ್ಷಣಾ ಮಂತ್ರಿಯಾದರು. ಆ ವರ್ಷವೇ, ಜನವರಿ 26ರಂದು, ಕೊಂಕಣ ರೈಲ್ವೆ ಪೂರ್ತಿ ತೆರೆಯಿತು. 1990ರಲ್ಲಿ ಜಾರ್ಜ್ ರೈಲ್ವೆ ಮಂತ್ರಿಯಾಗಿ, ಮಧು ದಂಡವತೆ ಹಣಕಾಸಿನ ಮಂತ್ರಿಯಾಗಿ ಇಬ್ಬರೂ ಸಮಾಜವಾದಿಗಳು ಸೇರಿ ಹಚ್ಚಿದ ಕೆಲಸ, ಕಟ್ಟಿದವರು ಶ್ರೀಧರನ್. ನಮ್ಮ ಜಿಲ್ಲೆಯವರಿಗೆ ಇದು ಎಂಥ ಉಪಕಾರ ಅಂತ ವಿವರಿಸಬೇಕಾಗಿಲ್ಲ. ಸುತ್ತಿ ಸುತ್ತಿ ಬಸ್ಸಿನಲ್ಲಿ ಬರುತ್ತಿದ್ದವರು ಸಂಜೆ ರೈಲು ಹತ್ತಿ ಮರುದಿನ ಊರಿನಲ್ಲಿ ಇಳಿಯುವ ಹಾಗಾಯಿತು. ಅದಕ್ಕೇ ಮುಂದೆ ಜಾರ್ಜ್ ಬಗ್ಗೆ ಬಾಯಿ ತೆರೆದಾಗಲೆಲ್ಲ "ರೈಲು ತಂದವರು ಮಾರಾಯ್ರೆ" ಅಂತ ನಮ್ಮ ಬಾಯಿ ಮುಚ್ಚಿಸುತ್ತಿದ್ದರು. ರೈಲಿನ ಋಣ ರೈಲಿಗೆ. ಟಿಕೆಟ್ಟಿನ ಹಿಂದೆ ನಾನು ಬೇರೆ ಯಾವ ಕರಾರಿಗೂ ರುಜು ಹಾಕಿಲ್ಲ.

1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಪಾದ್ರಿಯನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದ ಹಾಗೇ ಸುಟ್ಟರು. ನೋಡಿ ಬರಲು ಹೋದ ಮೂವರು ಮಂತ್ರಿಗಳ ತಂಡದಲ್ಲಿ ಜಾರ್ಜ್ ಇದ್ದರು. ಬಂದು ಹೇಳಿದ್ದು: ಇದು ಸರ್ಕಾರವನ್ನು ಅಸ್ಥಿರಗೊಳಿಸುವ ಅಂತರರಾಷ್ಟ್ರೀಯ ಪಿತೂರಿ. ಪಿತೂರಿಯೂ ಇಲ್ಲ, ಏನೂ ಇಲ್ಲ. ದಾರಾ ಸಿಂಗ್ ಎಂಬವನ ಗುಂಪು ಮಾಡಿದ ಕೊಲೆ ಅಂತ ವಾಧ್ವಾ ಆಯೋಗ ಹೇಳಿತು, ಕೋರ್ಟೂ ಹೇಳಿತು.

ಆದರೆ ನನ್ನ ಬೆರಳು ಪೂರ್ತಿ ಮಡಚಿದ್ದು 2002ರಲ್ಲಿ. ಗುಜರಾತಿನ ಹಿಂಸೆಯ ಮೊದಲ ದಿನಗಳಲ್ಲಿ ರಕ್ಷಣಾ ಮಂತ್ರಿಯಾಗಿ ಅಹಮದಾಬಾದಿನ ಬೀದಿಗೆ ಇಳಿದವರೂ ಜಾರ್ಜೇ, ಅದನ್ನು ಮರೆಯುವುದಿಲ್ಲ. ಏಪ್ರಿಲ್ 30ರಂದು ಲೋಕಸಭೆಯಲ್ಲಿ ಚರ್ಚೆ. ಅಲ್ಲಿ ಹೆಂಗಸರ ಮೇಲೆ ನಡೆದ ಅತ್ಯಾಚಾರಗಳ ಮಾತು ಬಂದಾಗ ಅವರು ಹೇಳಿದ್ದರ ಸಾರ ಇಷ್ಟು: ಇಂಥದ್ದು ಇದೇ ಮೊದಲ ಸಲ ಆಗುತ್ತಿದೆಯೆ? ಹಿಂದೆ ಆಗಿಲ್ಲವೆ? 1984ರಲ್ಲಿ ದಿಲ್ಲಿಯಲ್ಲಿ ಆಗಿಲ್ಲವೆ?

ಆಗಿತ್ತು. 1984ರಲ್ಲಿ ದಿಲ್ಲಿಯಲ್ಲಿ ಸಿಖ್ಖರ ಕೊಲೆಗಳಾದಾಗ ಸರ್ಕಾರ ಕಾಂಗ್ರೆಸ್ಸಿನದೇ. ಆ ಅನ್ಯಾಯವನ್ನು ಎತ್ತಿ ಆಡಿದವರಲ್ಲಿ ಸಮಾಜವಾದಿಗಳೂ ಇದ್ದರು. ಹದಿನೆಂಟು ವರ್ಷ ಆ ಹೆಂಗಸರ ಕಣ್ಣೀರನ್ನು ನಾವು ಕಾಂಗ್ರೆಸ್ಸಿನ ಮೇಲಿನ ಆರೋಪಪಟ್ಟಿಯಲ್ಲಿ ಬರೆದಿಟ್ಟುಕೊಂಡಿದ್ದೆವು. 2002ರಲ್ಲಿ ಅದೇ ಪಟ್ಟಿಯನ್ನು ತೆಗೆದು ಬೇರೊಬ್ಬರಿಗೆ ಪರವಾನಗಿ ಚೀಟಿಯ ಹಾಗೆ ತೋರಿಸಿದರು. ಹೋಟೆಲು ಹುಡುಗನಿಗೂ ರಜೆ ಬೇಕು ಅಂದ ಬಾಯಿ ಇದು. ಜಾರ್ಜ್ ಕೆಟ್ಟವರಾದರು ಅಂತ ನಾನು ಹೇಳುತ್ತಿಲ್ಲ. ಅವರು ಅಂಗಿ ಇಸ್ತ್ರಿ ಮಾಡಿಸಿದವರಲ್ಲ, ಮನೆಯ ಗೇಟು ಮುಚ್ಚಿದವರಲ್ಲ. ಅದಕ್ಕೇ ಇದು ಹೆಚ್ಚು ಭಯದ ಸಂಗತಿ. ಒಳ್ಳೆಯ ಮನುಷ್ಯನೊಬ್ಬ ಮೂವತ್ತೈದು ವರ್ಷ ಒಂದೇ ವೈರಿಯನ್ನು ನೋಡುತ್ತ ನೋಡುತ್ತ ಬೇರೆ ಏನೂ ಕಾಣದ ಹಾಗಾದದ್ದು.

ಹೆಂಗಸರ ವಿಷಯ ಬಂದಿದೆ, ಇನ್ನೊಂದು ಪುಟ ತಿರುವುತ್ತೇನೆ. 25 ಸ್ಥಾನ ಕೊಟ್ಟ ಪಕ್ಷ ಅಂದೆನಲ್ಲ. 1996ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಮಹಿಳಾ ಮೀಸಲಾತಿಯ ಮಸೂದೆಯನ್ನು ಮೊದಲು ಮಂಡಿಸಿದ್ದೂ ನಮ್ಮ ದೇವೇಗೌಡರ ಸರ್ಕಾರವೇ. ಅದನ್ನು ಎಳೆದು ಕೆಡವಿದವರಲ್ಲಿ ಮುಂದಿನ ಸಾಲಿನಲ್ಲಿದ್ದವರೂ ನಮ್ಮವರೇ! 1997ರಲ್ಲಿ ಶರದ್ ಯಾದವ್ ಸದನದಲ್ಲಿ ಕೂದಲು ಕತ್ತರಿಸಿದ ಹೆಂಗಸರನ್ನು ಹಂಗಿಸಿ ಮಾತಾಡಿದರು. ಮರುವರ್ಷ ಲಾಟೀನಿನವರು ಮಸೂದೆಯ ಪ್ರತಿ ಹರಿದರು. ಹಿಂದುಳಿದ ಜಾತಿಯ ಹೆಂಗಸರಿಗೆ ಒಳಮೀಸಲು ಬೇಕು ಎಂಬುದು ಅವರ ವಾದ. ವಾದ ಸರಿಯಾದದ್ದೇ, ಲೋಹಿಯಾ ಹೇಳಿದ ನೂರಕ್ಕೆ ಅರವತ್ತರ ಪಟ್ಟಿಯಲ್ಲಿ ಹಿಂದುಳಿದವರ ಜೊತೆಗೆ ಹೆಂಗಸರೂ ಇದ್ದರು. ಹಾಗಿದ್ದರೆ ನಿಮ್ಮ ಪಕ್ಷದ ಟಿಕೆಟು ಹಂಚಲು ಯಾವ ಮಸೂದೆ ಬೇಕಿತ್ತು? ಮೂರರಲ್ಲೊಂದು ಟಿಕೆಟನ್ನು ಹಿಂದುಳಿದ ಹೆಣ್ಣುಮಕ್ಕಳಿಗೆ ಕೊಟ್ಟು ತೋರಿಸಬಹುದಿತ್ತು. ತೋರಿಸಲಿಲ್ಲ. ಮಸೂದೆ ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ಸರ್ಕಾರದ ಕೈಯಲ್ಲಿ ಪಾಸಾಯಿತು, ಒಳಮೀಸಲಿಲ್ಲದೆ, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಾಲ ಕಟ್ಟಿಕೊಂಡು. ನಮ್ಮ ಬೀಡಿ ಕಟ್ಟುವ ಸದಸ್ಯೆ ಆ ಹೊತ್ತಿಗೆ ಇರಲಿಲ್ಲ.

ಕರ್ನಾಟಕದ ಉಳಿದ ಕತೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೊಸದೇನಿಲ್ಲ. 1967ರಲ್ಲಿ ಲೋಕಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತಾಡಿದವರು ಜೆ.ಎಚ್. ಪಟೇಲರು. ಕನ್ನಡ ಸಂಘದವರಾದ ನೀವು ಆ ಹೆಸರು ಮರೆಯಬಾರದು. ಅದೇ ಪಟೇಲರು 1999ರಲ್ಲಿ ಮುಖ್ಯಮಂತ್ರಿಯಾಗಿದ್ದಾಗ ದಳ ಒಡೆದು, ಬಿಜೆಪಿಯ ಜೊತೆಗಿದ್ದ ಹೋಳಿಗೆ ಹೋದರು. ಇನ್ನೊಂದು ಹೋಳು ದೇವೇಗೌಡರದ್ದು. ಬಿಜೆಪಿಯ ಜೊತೆ ಹೋಗುವುದಿಲ್ಲ ಎಂಬ ಕಾರಣಕ್ಕೇ ತನ್ನ ಹೆಸರಿನ ಮುಂದೆ ಕಂಸ ಹಾಕಿ ಅದರೊಳಗೆ "ಜಾತ್ಯತೀತ" ಅಂತ ಬರೆದುಕೊಂಡಿತು. ನಾನು ಆ ಕಂಸವನ್ನು ನಂಬಿದೆ. 2006ರ ಫೆಬ್ರವರಿ 3ರಂದು ಕುಮಾರಸ್ವಾಮಿಯವರು ಬಿಜೆಪಿಯ ಜೊತೆ ಸೇರಿ ಮುಖ್ಯಮಂತ್ರಿಯಾದರು. ಇಪ್ಪತ್ತು ತಿಂಗಳಾದ ಮೇಲೆ ಮಾತಿನಂತೆ ಅಧಿಕಾರ ಬಿಟ್ಟುಕೊಡಲಿಲ್ಲ. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಸರ್ಕಾರ ಮಾಡಿತು. ತತ್ವವನ್ನೂ ಬಿಟ್ಟು, ಕೊಟ್ಟ ಮಾತನ್ನೂ ಬಿಟ್ಟದ್ದು ಒಂದು ವಿಶೇಷ ಸಾಧನೆಯೇ. 2018ರಲ್ಲಿ ಕಾಂಗ್ರೆಸ್ ಜೊತೆ. 2023ರಲ್ಲಿ 19 ಸ್ಥಾನಕ್ಕಿಳಿದ ಮೇಲೆ ಸೆಪ್ಟೆಂಬರಿನಲ್ಲಿ ಮತ್ತೆ ಬಿಜೆಪಿ ಕೂಟ. 2024ರ ಜೂನಿನಲ್ಲಿ ಕೇಂದ್ರದ ಮಂತ್ರಿಗಿರಿ. ಕಂಸ ಹಾಗೇ ಇದೆ. ಕಂಸದೊಳಗೆ ಬರೆದದ್ದನ್ನು ಓದುವಾಗ ಬಿಟ್ಟು ಓದಬಹುದು ಅಂತ ನಮ್ಮ ವ್ಯಾಕರಣದ ಮಾಸ್ತರರು ಹೇಳುತ್ತಿದ್ದರು. ಬಿಹಾರದ ನಿತೀಶರದ್ದು ಬರೆಯಲು ಹೋದರೆ ಸಂಪಾದಕರು ಹೆಚ್ಚಿಗೆ ಪುಟ ಕೊಡಬೇಕಾಗುತ್ತದೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. "ನೀವು ಮಡಿವಂತರು. ಸಣ್ಣ ಪಕ್ಷ ಯಾರ ಜೊತೆಗೂ ಸೇರದೆ ಬದುಕುವುದು ಹೇಗೆ? ಕೈ ಕೆಸರಾಗದೆ ಬಾಯಿ ಮೊಸರಾಗುತ್ತದೆಯೆ?" ಸೇರಿ, ಬೇಡ ಅಂದವರು ಯಾರು? ಹೆಗಡೆಯವರ 1983ರ ಸರ್ಕಾರವೂ ಹೊರಗಿನ ಬೆಂಬಲದಿಂದ ನಿಂತದ್ದು, ಬಿಜೆಪಿಯೂ ಅದರಲ್ಲಿತ್ತು. ಆ ಸರ್ಕಾರ ಪಂಚಾಯ್ತಿ ಕೊಟ್ಟಿತು. ಕೆಸರು ಮೆತ್ತಿತು, ಗದ್ದೆಯೂ ನಾಟಿಯಾಯಿತು. ನಾನು ಕೇಳುವುದು ನಾಟಿ ಎಲ್ಲಿ ಅಂತ. 1996ರಿಂದ ಈಚೆಗೆ ಆ ಕಡೆಯ ಗೆಳೆತನದಿಂದ ಗೇಣಿಯವನಿಗೆ, ಕೂಲಿಯವನಿಗೆ, ಪಂಚಾಯ್ತಿಯ ಹೆಣ್ಣಿಗೆ ನಮ್ಮ ಪಕ್ಷ ಏನು ಕೇಳಿ ಪಡೆಯಿತು? ಮಂತ್ರಿ ಪದವಿಯ ಪಟ್ಟಿ ಕೊಡಬೇಡಿ, ಅದು ನನ್ನ ಹತ್ತಿರವೂ ಇದೆ.

ಇನ್ನೊಂದು ಉತ್ತರ ಈಗಿನ ಕಾಲದ್ದು, ಅದು ನಿಮ್ಮಲ್ಲಿ ಹಲವರದ್ದು. "ಅದೆಲ್ಲ ಹಳೆಯದು ಸಾರ್. ಈಗ ದೊಡ್ಡ ಬಂಡೆ ಬಿಜೆಪಿ. ಅವರನ್ನು ಉರುಳಿಸುವವರೆಗೆ ನಮ್ಮವರ ತಪ್ಪು ಎತ್ತಬಾರದು." ಕೇಳಿದಾಗ ನನಗೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಬಂಡೆಯ ಹೆಸರೊಂದು ಬದಲಾಗಿದೆ, ಮಾತು ಒಂದಕ್ಷರ ಬದಲಾಗಿಲ್ಲ. ಅವರು ಬಂದುಬಿಟ್ಟರೆ ಏನು ಗತಿ ಅಂತ ಹೆದರಿಸಿ ಓಟು ಪಡೆಯುವ ಪಕ್ಷಕ್ಕೆ ಅವರು ಇರುವುದೇ ಅನುಕೂಲ. ನಿಮ್ಮ ಭಯ ಅದರ ಬಂಡವಾಳ. ನೀವು ಕೇಳುವ ಪ್ರಶ್ನೆ ಅದಕ್ಕೆ ನಷ್ಟ. ನೀವು ಯಾವ ಪಕ್ಷಕ್ಕೇ ಸೇರಿ, ಅದರ ತಪ್ಪನ್ನು ಮೊದಲು ಎತ್ತಬೇಕಾದವರು ನೀವೇ, ಯಾಕೆಂದರೆ ಎದುರು ಪಕ್ಷದವನು ಎತ್ತಿದಾಗ ಅದು ಬರೀ ಬೈಗುಳ. ಮಧು ಲಿಮಯೆ ಎತ್ತಿದ್ದು ಒಳಗಿದ್ದುಕೊಂಡೇ. ಪಕ್ಷ ಒಡೆಯಿತು ಅಂತ ಅವರನ್ನು ಇವತ್ತಿಗೂ ಬೈಯುವವರಿದ್ದಾರೆ. ಒಡೆಯಲು ಅವರೊಬ್ಬರೇ ಸಾಕಾದರು ಅಂದರೆ ಅದು ಅಂಟಿದ್ದು ಯಾವ ಅಂಟಿನಿಂದ ಅಂತ ಮೊದಲು ಕೇಳಬೇಕು.

ಮೃಣಾಲ್ ಗೋರೆಯವರು ಈ ಮೆರವಣಿಗೆಗಳ ಹಿಂದೆ ಹೋಗಲಿಲ್ಲ. ಗೋರೆಗಾಂವಿನ ದಿಂಡೋಶಿಯಲ್ಲಿ ನಾಗರಿ ನಿವಾರಾ ಪರಿಷತ್ತಿನ ಹೋರಾಟದಿಂದ ಕಡಿಮೆ ಆದಾಯದವರಿಗೆ ಕಟ್ಟಿದ ಮನೆಗಳು ಇವತ್ತೂ ಇವೆ, ಹೋಗಿ ನೋಡಬಹುದು. ಕನ್ನಡದ ಕೆಲವು ಕುಟುಂಬಗಳೂ ಸಿಗುತ್ತವೆ. 2012ರ ಜುಲೈನಲ್ಲಿ ಅವರು ತೀರಿಕೊಂಡರು. ಜಾರ್ಜ್ 2009ರಲ್ಲಿ ತಾವೇ ಕಟ್ಟಿದ ಪಕ್ಷ ಟಿಕೆಟು ಕೊಡದಿದ್ದಾಗ ಮುಜಫ್ಫರಪುರದಲ್ಲಿ ಪಕ್ಷೇತರರಾಗಿ ನಿಂತರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮೂರು ಲಕ್ಷ ಮತಗಳ ಅಂತರದಿಂದ ಗೆದ್ದ ಊರು ಅದು. ಅಲ್ಲಿ ಠೇವಣಿ ಕಳೆದುಕೊಂಡರು. 2019ರ ಜನವರಿ 29ರಂದು ಹೋದರು. ಆ ಸಂಜೆ ನಮ್ಮ ಹಳೆಯ ಗುಂಪಿನಲ್ಲಿ ಉಳಿದಿದ್ದ ನಾಲ್ಕು ಜನ ಮಾಟುಂಗದಲ್ಲಿ ಸೇರಿ ಕಾಫಿ ಕುಡಿದೆವು. ಯಾರೂ "ಮತ್ತೆ?" ಅನ್ನಲಿಲ್ಲ.

ನಾನು ಈಗಲೂ ಓಟು ಹಾಕುತ್ತೇನೆ. 2013ರಿಂದ ನೋಟಾ ಎಂಬ ಗುಂಡಿ ಬಂದಿದೆ, ಅದನ್ನು ಒಮ್ಮೆಯೂ ಒತ್ತಿಲ್ಲ. ಯಾರೂ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ, ನನಗೆ ಬೇಕಾದ್ದು ಬಹಳ ಇದೆ. ಪ್ರತಿ ಚುನಾವಣೆಗೆ ಮೊದಲು ನಮ್ಮ ಕ್ಷೇತ್ರದ ಅಭ್ಯರ್ಥಿಗಳಿಗೆ, ಯಾವ ಪಕ್ಷವಾದರೂ ಸರಿ, ಒಂದು ಕಾಗದ ಬರೆಯುತ್ತೇನೆ. ನಿಮ್ಮ ಎದುರಾಳಿಯ ಹೆಸರೆತ್ತದೆ ಒಂದು ಪುಟದಲ್ಲಿ ನೀವು ಮಾಡುವುದೇನು ಅಂತ ಬರೆದು ಕಳಿಸಿ ಎಂಬುದು ಅದರ ಒಕ್ಕಣೆ. ಇಷ್ಟು ವರ್ಷದಲ್ಲಿ ಎರಡು ಉತ್ತರ ಬಂದಿವೆ. ಎರಡರಲ್ಲೂ ಎರಡನೆಯ ಸಾಲಿನಲ್ಲೇ ಎದುರಾಳಿಯ ಹೆಸರಿತ್ತು. ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಮೊದಲ ಓಟು ಹಾಕುವವರು ಯಾರಾದರೂ ಇದ್ದರೆ ಆ ಕಾಗದದ ನಕಲು ಕೊಡುತ್ತೇನೆ, ನಿಮ್ಮ ನಿಮ್ಮ ಕ್ಷೇತ್ರಗಳಿಗೆ ತಿದ್ದಿಕೊಂಡು ಕಳಿಸಬಹುದು. ಅಂಚೆ ಖರ್ಚು ಮಾತ್ರ ನಿಮ್ಮದು.